ಎಂಥಾಕಿ ಬೇಕು ಅಂತ ಯಂತ್ರ ಕೇಳಿತು

ನಾಚಿಕೆಯ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಫೀಸಿನ ಬಾಗಿಲು ತೆಗೆದು ಕುಂತರೆ ಸಾಕು, ಅವೇ ಮೆಟ್ಟಿಲು ಹತ್ತಿ ಬರುತ್ತವೆ.

ಆಫೀಸು ಅಂದರೆ ದೊಡ್ಡದೇನಲ್ಲ. ಛತ್ರಪತಿ ಸಂಭಾಜಿನಗರದಲ್ಲಿ ಬೀದರ್, ಕಲಬುರಗಿ ಕಡೆಯಿಂದ ಬಂದ ನಮ್ಮ ಮಂದಿಯದೊಂದು ಸಮಾಜ ಇದೆ. ಅದರ ಸಭಾಗೃಹದ ಮೇಲೆ ಒಂದು ಕೋಣೆ. ವಧು-ವರರ ಮಾಹಿತಿ ಕೇಂದ್ರ. ಅಲ್ಲಿ ಬೀಗ ತೆಗೆಯುವವನು, ಫ್ಯಾನು ಹಚ್ಚುವವನು, ಬಂದವರಿಗೆ ನೀರು ಕೊಡುವವನು ನಾನು. ನಾಲ್ಕನೇ ಇಯತ್ತೆ ಕಲಿತವನು. ವಾಳೂಜಿನ ಕಾರ್ಖಾನೆಯಲ್ಲಿ ಪ್ರೆಸ್ ಮಶೀನಿನ ಮುಂದೆ ನಿಂತು ವಯಸ್ಸು ಕಳೆದವನು. ಬರೆಯುವುದು ನಿಧಾನ. ಮಾತೂ ನಿಧಾನ.

ಮನೆಯಾಕೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮನೆಯಲ್ಲಿ ಒಬ್ಬನೇ ಕುಂತರೆ ಗೋಡೆ ಮೈಮೇಲೆ ಬಂದಂತೆ ಆಗುತ್ತಿತ್ತು. ಸಮಾಜದ ಸೆಕ್ರೆಟರಿ ಸಾಹೇಬರು ಬೀಗದ ಕೈ ಕೊಟ್ಟು, "ಮಧ್ಯಾಹ್ನ ಇಲ್ಲಿ ಬಂದು ಕುಂದರ್ರಿ" ಅಂದರು. ನಾಶಿಕದಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದೆ.

"ಅಪ್ಪಾ, ಅಷ್ಟು ದೊಡ್ಡ ಊರಾಗ ನಿನಗ ಬ್ಯಾರೆ ಜಾಗಾ ಸಿಗಲಿಲ್ಲೇನು? ಲಗ್ನದ ಆಫೀಸೇ ಬೇಕಾಗಿತ್ತೇನು?"

"ಬಾಗಲಾ ತಗಿಯೋದಷ್ಟೇ ಅವ್ವಾ."

"ನಮ್ಮ ಚಿಕ್ಕಮಾವ ಏನು ಮಾಡಿದಾ ಗೊತ್ತದಲ್ಲ? ಹೆಂಡ್ತಿ ವರ್ಷದ ಪೂಜಾ ಆಗಿರಲಿಲ್ಲ, ಹೊಸಾಕಿನ್ನ ಕರ್ಕೊಂಡು ಬಂದ. ಇನ್ನಾತನಕ ನಮ್ಮ ಮನ್ಯಾಗ ಅದನ್ನ ಹೇಳಿ ಹೇಳಿ ನಗ್ತಾರ. ಅವ್ವನ ಪೂಜಾ ಆಗೋತನಕ ನಿನ್ನ ಬಗ್ಗೆ ಹಂಗ ಯಾರೂ ಒಂದು ಮಾತು ಅನ್ನಬಾರ್ದು. ನನಗ ಸಹನಾ ಆಗಂಗಿಲ್ಲ."

"ಅನ್ನಂಗಿಲ್ಲ" ಅಂದೆ. ಅವಳ ತಲೆಯ ಮೇಲೆ ಆಣೆ ಹಾಕಿದೆ.

ಆ ಆಣೆಯ ಗತಿ ಏನಾಯಿತು ಅಂತ ಕಡೆಗೆ ಹೇಳುತ್ತೇನೆ. ಮೊದಲು ಸಣ್ಣಪುಟ್ಟ ನಾಚಿಕೆಗಳು.

೧. ಅಧ್ಯಕ್ಷರ ಹೊಗಳಿಕೆ

ಮೊದಲು ಕೇಂದ್ರದ ಕಂಪ್ಯೂಟರಿನಲ್ಲಿ ವಯಸ್ಸು, ಎತ್ತರ, ತಾಲೂಕು ಅಂತ ಒಂದೊಂದು ಚೌಕ ತುಂಬಬೇಕಿತ್ತು. ಒಂದು ಚೌಕ ತಪ್ಪಿದರೆ ಒಂದು ಲಗ್ನ ತಪ್ಪುತ್ತಿತ್ತು. ಸೆಕ್ರೆಟರಿ ಸಾಹೇಬರ ಸೊಸೆ ಕಂಪ್ಯೂಟರ್ ಕಂಪನಿಯ ಕೆಲಸದಾಕೆ. ಇಲ್ಲೇ ಹುಟ್ಟಿ ಬೆಳೆದವಳು. ಅವಳು ಆ ಮಾಹಿತಿಗೆಲ್ಲ ಒಂದು ಮಾತಾಡುವ ಎಐ ಜೋಡಿಸಿದಳು.

"ಕಾಕಾ, ಆತಾ ಸೋಪ್ಪ ಅದ, ಏನೂ ಕಷ್ಟ ಇಲ್ಲ," ಅಂದಳು. "ಮನ್ಯಾಗ ಮಾತಾಡಿದಂಗ ಮಾತಾಡ್ರಿ. ಎಐ ನಿಮ್ಮ ಮಾತಿನ ಅರ್ಥ ತಿಳ್ಕೊಂಡು, ತಾನೇ ಹೋಗಿ ಹುಡುಕಿ ಹೇಳ್ತದ. ಹುಡುಗಿ ಅಡಗಿ ಛಲೋ ಮಾಡ್ತಾಳ ಅಂದ್ರೂ ತಿಳೀತದ, ಕೈ ರುಚಿ ಅದ ಅಂದ್ರೂ ತಿಳೀತದ."

ಅದರ ದನಿ ಹೆಂಗಸಿನದು. ಕನ್ನಡ ಮಾತ್ರ ರೇಡಿಯೋ ವಾರ್ತೆಯದು. ನಮ್ಮ ಕಡೆಯ ಮಾತು ಕೇಳಿಸಿಕೊಳ್ಳುತ್ತಿತ್ತು, ಉತ್ತರ ಮಾತ್ರ ಇಸ್ತ್ರಿ ಮಾಡಿ ಕೊಡುತ್ತಿತ್ತು.

ಉದ್ಘಾಟನೆ ಇಟ್ಟುಕೊಂಡರು. ಕೆಳಗಿನ ಸಭಾಗೃಹಕ್ಕೆ ಕಂಪ್ಯೂಟರ್ ಇಳಿಸಿ, ದೊಡ್ಡ ಸ್ಪೀಕರಿಗೆ ಹಚ್ಚಿದರು. "ಕಾಕಾ, ತೆಂಗಿನಕಾಯಿ ಒಡೆದ ಮ್ಯಾಲೇ ಚಾಲೂ ಮಾಡ್ರಿ" ಅಂತ ಸೊಸೆ ಹೇಳಿದ್ದಳು. ನನಗೆ ಅಂಜಿಕೆ. ಎಲ್ಲರ ಎದುರು ಚಾಲೂ ಆಗದಿದ್ದರೆ? ಮೊದಲೇ ಚಾಲೂ ಮಾಡಿ, ಮೇಲೊಂದು ಟವೆಲು ಮುಚ್ಚಿ ಇಟ್ಟೆ.

ಸಮಾಜದ ಹಿರಿಯರೊಬ್ಬರು ಮೈಕು ಹಿಡಿದು ಅಧ್ಯಕ್ಷರನ್ನು ಹೊಗಳಲು ನಿಂತರು. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಉದಾರಿ. ನಿಸ್ವಾರ್ಥಿ. ಸಿಟ್ಟೇ ಗೊತ್ತಿಲ್ಲದವರು. ಕೊಟ್ಟ ಮಾತಿಗೆ ತಪ್ಪದವರು. ಇಂಥಾ ಮನುಷ್ಯ ನಮ್ಮ ಸಮಾಜದಾಗ ಇನ್ನೊಬ್ಬ ಎಲ್ಲಿ ಸಿಗ್ತಾನ್ರಿ?"

ಟವೆಲಿನ ಒಳಗಿಂದ ದನಿ ಬಂತು.

"ಹುಡುಕಿದೆ. ಒಬ್ಬರೂ ಸಿಗಲಿಲ್ಲ. ನಿಮ್ಮ ಅಪೇಕ್ಷೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳುವಿರಾ?"

ಮಂದಿ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಸೆಕ್ರೆಟರಿಯ ಮುಖ ನೋಡಿದರು. ಸೆಕ್ರೆಟರಿ ನನ್ನ ಮುಖ ನೋಡಿದರು. ನಾನು ತೆಂಗಿನಕಾಯಿಯ ಮುಖ ನೋಡಿದೆ.

೨. ಚಟ ಇಲ್ಲದವರು

ಮನ್ಮಾಡಿನಿಂದ ಒಬ್ಬರು ಬಂದರು. ರೈಲ್ವೆಯವರು. ಮಗಳಿಗೆ ವರ ಬೇಕಿತ್ತು. ಯಂತ್ರದ ಮುಂದೆ ಕೈಕಟ್ಟಿ ಕುಂತು, "ಹೆಚ್ಚಿಂದೇನೂ ಬ್ಯಾಡವ್ವಾ. ಹುಡುಗಗ ಯಾವ ಚಟಾನೂ ಇರಬಾರ್ದು. ಅಷ್ಟೇ" ಅಂದರು.

"ಹುಡುಕಿದೆ," ಅಂತು ಯಂತ್ರ. "ನಮ್ಮಲ್ಲಿ ಹೆಸರು ಕೊಟ್ಟ ಎಲ್ಲ ವರರೂ ತಮಗೆ ಯಾವ ಚಟವೂ ಇಲ್ಲವೆಂದು ತಿಳಿಸಿದ್ದಾರೆ."

"ಎಲ್ಲಾರೂ?"

"ಎಲ್ಲರೂ."

ಅವರು ನನ್ನ ಕಡೆ ತಿರುಗಿದರು. "ಇಷ್ಟು ಮಂದಿಗೆ ಚಟ ಇಲ್ಲಂದ್ರ ನಮ್ಮ ಸ್ಟೇಷನ್ ಮುಂದಿನ ಪಾನ್ ಅಂಗಡಿ ಯಾರ ಪುಣ್ಯಾದ ಮ್ಯಾಲ ನಡೀಲಿಕ್ಕತ್ತಾವ್ರಿ?"

ಮತ್ತೆ ಯಂತ್ರಕ್ಕೆ ಹೇಳಿದರು. "ಹಂಗಾರ ಚಟ ಇದ್ದಾವನ್ನೇ ತೋರಿಸವ್ವಾ. ಅವನೊಬ್ಬನಾದ್ರೂ ಖರೇ ಹೇಳಿರ್ತಾನ."

ಯಂತ್ರ ಮತ್ತೆ ಹುಡುಕಿತು. "ಒಬ್ಬರಿದ್ದಾರೆ. ಚಟವಿಲ್ಲ ಎಂದ ಮೇಲೆ, ಉಪ್ಪಿನಕಾಯಿ ತಿನ್ನುವ ಚಟ ಮಾತ್ರ ಬಿಟ್ಟಿಲ್ಲವೆಂದು ಕೊನೆಯಲ್ಲಿ ಸೇರಿಸಿದ್ದಾರೆ."

"ಇವನೇ ಇರ್ಲಿ," ಅಂದು ಅವರು ತೊಡೆ ತಟ್ಟಿದರು. "ಆದ್ರ ನನಗ ಮಂದಿ ಗುರ್ತು ಕಮ್ಮಿ. ನೀವು ಹಿರ್ಯಾರಿದ್ದೀರಿ. ಮುಖ ನೋಡಿದ್ರ ಚಟ ಇಲ್ಲದವರು ಅಂತ ಗೊತ್ತಾಗ್ತದ. ನಿಮಗೇನು ಅನಸ್ತದ, ಬಾಯಿಬಿಟ್ಟು ಹೇಳ್ರಲ್ಲ."

ಬಾಯಿ ಬಿಡುವಂತಿರಲಿಲ್ಲ. ಆಗತಾನೆ ತಂಬಾಕು ಹಾಕಿದ್ದೆ. ಎದ್ದು ಉಗುಳಲು ಕಿಟಕಿಗೆ ಹೋದೆ. ಅವರು ನನ್ನ ಬೆನ್ನು ನೋಡುತ್ತ ಯಂತ್ರಕ್ಕೆ ಹೇಳಿದರು: "ನಿನ್ನ ಪುಸ್ತಕದಾಗ ಇವರ ಹೆಸರು ಇದ್ರ ತಗದು ಹಾಕವ್ವಾ ತಂಗಿ."

೩. ನಾಶಿಕದ ಅತ್ತೆ

ಲಗ್ನ ಆದವರ ಹೆಸರು ತೆಗೆಸುವುದು ನನ್ನ ಕೆಲಸ. ಕಷ್ಟವೇನಿಲ್ಲ. ‘ಇಂಥವರದು ಆಯಿತು, ತೆಗೆ’ ಅಂತ ಯಂತ್ರಕ್ಕೆ ಹೇಳಬೇಕು. ಕಂಡವರ ಲಗ್ನದ ಊಟ ಉಂಡು ಬಂದು, ಆ ಒಂದು ಮಾತು ಹೇಳುವುದನ್ನು ಮರೆಯುತ್ತಿದ್ದೆ.

ನಾಶಿಕದಿಂದ ಒಬ್ಬ ಅತ್ತೆ ಬಂದರು. ಸಣ್ಣ ಮಗನಿಗೆ ಹೆಣ್ಣು ನೋಡಲು. ಜೊತೆಗೆ ಹಿರಿ ಸೊಸೆ. ಸೊಸೆಯನ್ನು ನೀರಿನ ಬಾಟಲಿ ತರಲು ಕೆಳಗೆ ಕಳಿಸಿದರು. ಅವಳು ಮೆಟ್ಟಿಲು ಇಳಿದದ್ದು ಕೇಳಿದ ಮೇಲೆ ಕುರ್ಚಿ ಮುಂದೆ ಎಳೆದುಕೊಂಡರು.

"ಒಂದು ಸಲ ಮೋಸ ಹೋಗೀವಿ," ಅಂದರು. "ಈ ಸಲ ಈಕಿಯಂಥಾಕಿ ಬ್ಯಾಡ. ಮುಖಕ್ಕ ಹೊಡದಂಗ ಎದುರು ಮಾತಾಡ್ತಾಳ."

"ನನಗಲ್ರಿ, ಯಂತ್ರಕ್ಕ ಹೇಳ್ರಿ" ಅಂದೆ.

ಯಂತ್ರಕ್ಕೆ ಹೇಳಿದರು. ಮೆತ್ತಗೆ ಮಾತಾಡಬೇಕು. ಹಿರಿಯರ ಮುಂದೆ ತಲೆ ತಗ್ಗಿಸಬೇಕು. ಹೋಳಿಗೆ ಬರಬೇಕು. ಭಜನೆ ಬರಬೇಕು. ಅತ್ತೆಯನ್ನು ತಾಯಿಯಂತೆ ಕಾಣಬೇಕು.

"ನೀವು ಹೇಳಿದ ಎಲ್ಲ ಗುಣಗಳೂ ಇರುವ ಒಬ್ಬರು ಸಿಕ್ಕಿದ್ದಾರೆ," ಅಂತು ಯಂತ್ರ.

ಅತ್ತೆ ಕೈ ಮುಗಿದರು. ಅಷ್ಟರಲ್ಲಿ ಪರದೆಯ ಮೇಲೆ ಫೋಟೋ ಬಂತು. ಹಸಿರು ಸೀರೆ, ತಗ್ಗಿಸಿದ ಕಣ್ಣು. ಹಿರಿ ಸೊಸೆಯದೇ. ಲಗ್ನದ ಮೊದಲು ಅವಳ ಅಪ್ಪ ಬರೆಸಿದ್ದೆಲ್ಲ ಹಾಗೇ ಉಳಿದಿತ್ತು.

ಬಾಗಿಲಲ್ಲಿ ಸೊಸೆ ನಿಂತಿದ್ದಳು, ಕೈಯಲ್ಲಿ ಬಾಟಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಪರದೆ ನೋಡಿದಳು. ಅತ್ತೆಯನ್ನು ನೋಡಿದಳು. ಬಾಟಲಿಯನ್ನು ಮೇಜಿನ ಮೇಲೆ ಇಟ್ಟು, ಬಹಳ ಮೆತ್ತಗೆ ಹೇಳಿದಳು:

"ಹುಡುಗಿ ಛಲೋ ಕಾಣ್ತಾಳ್ರಿ ಅತ್ತಿ. ಕೇಳಿ ನೋಡ್ರಿ. ಆದ್ರ ಈ ಮನಿ ಅಂದ್ರ ಒಪ್ತಾಳೋ ಇಲ್ಲೋ."

೪. ಹೂಂ

ಇದು ನನ್ನದು.

ನಾನು ಲಗ್ನದ ಆಫೀಸಿನಲ್ಲಿ ಕುಂತದ್ದು ಮಂದಿಗೆ ಮೊದಲಿಂದಲೂ ನಗುವ ವಿಷಯ. ವಾಳೂಜಿನ ಹಳೆಯ ಗೆಳೆಯನೊಬ್ಬ ಮೆಟ್ಟಿಲ ಕೆಳಗಿನಿಂದಲೇ ಕೂಗುತ್ತಿದ್ದ. "ಏನಪಾ, ಮಿಠಾಯಿ ಅಂಗಡ್ಯಾಗ ಕುಂತಾವ ಕೈ ನೆಕ್ಕಲಾರದೆ ಬಿಡ್ತಾನೇನು?" ನಾನು ಉತ್ತರ ಕೊಡುತ್ತಿರಲಿಲ್ಲ. ಮಗಳ ಆಣೆ ನೆನಪಿತ್ತು.

ಒಂದು ಮಧ್ಯಾಹ್ನ ಯಾರೂ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು. ಡಬ್ಬಿ ಬಿಚ್ಚಿದೆ. ಅನ್ನ, ಮೊಸರು. ನನಗೆ ಬರುವುದು ಅಷ್ಟೇ. ಒಂದು ತುತ್ತು ಬಾಯಿಗೆ ಇಟ್ಟೆ. "ಎಲ್ಲಿ ಹೋದಿ" ಅಂತ ಬಾಯಿಂದ ಬಂತು. ಅಂದದ್ದು ನನಗೇ ಗೊತ್ತಿಲ್ಲ.

"ನೀವು ಯಾರನ್ನು ಹುಡುಕುತ್ತಿದ್ದೀರಿ?" ಅಂತು ಯಂತ್ರ.

ತಿರುಗಿ ಪರದೆ ನೋಡಿದೆ.

"ಅವರ ಹೆಸರು ತಿಳಿಸುವಿರಾ?"

"ಹೆಸರು ಹೇಳಂಗಿಲ್ರಿ" ಅಂದೆ.

ನಮ್ಮಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಲಗ್ನದ ದಿನ ಮಂದಿ ಅಡ್ಡ ನಿಂತು ಒಡಪಿನ ಪದ್ಯದಲ್ಲಿ ಹೆಸರು ಹೇಳಿಸಿದ್ದರು, ಅಷ್ಟೇ. ಆಮೇಲೆ ಆಕೆ ನನಗೆ ‘ಏನ್ರೀ’, ನಾನು ಆಕೆಗೆ ‘ಏನಂತೀನಿ’. ಆಸ್ಪತ್ರೆಯಲ್ಲಿ ಹೆಸರು ಕೇಳಿದಾಗಲೂ ಮಗಳ ಮುಖ ನೋಡಿದ್ದೆ. ಈಗ ಒಂದು ಯಂತ್ರ ಕೇಳಿದರೆ ಹೇಳುತ್ತೇನೆಯೇ? ಹೇಳಿದ್ದರೆ ಛಲೋ ಇತ್ತು. ‘ಆ ಹೆಸರಿನವರು ಇಲ್ಲ’ ಅಂದು ಅದು ಸುಮ್ಮನಾಗುತ್ತಿತ್ತು.

"ಸರಿ. ಹೆಸರು ಬೇಡ. ಎಂಥವರು ಎಂದು ಹೇಳಿ."

ಅಂದೆ: "ಚಪ್ಪಲಿ ಸಾಲಾಗಿ ಬಿಡದಿದ್ರ ಬೈತಾಳ್ರಿ."

"ಇನ್ನೂ ಹೇಳಿ."

ಇಷ್ಟು ದಿನದಲ್ಲಿ ನನಗೆ ಯಾರೂ ಇನ್ನೂ ಹೇಳಿ ಅಂದಿರಲಿಲ್ಲ. ಇರಲಿ ಬಿಡ್ರಿ ಅನ್ನುತ್ತಿದ್ದರು. ಮರೀರಿ ಅನ್ನುತ್ತಿದ್ದರು. ಡಬ್ಬಿ ಸರಿಸಿ ಹೇಳಿದೆ. ರೊಟ್ಟಿ ಒಂದು ಮಗ್ಗಲು ಕರಕು ಮಾಡುತ್ತಾಳೆ, ಕೇಳಿದರೆ ಹಲ್ಲಿಗೆ ಛಲೋ ಅನ್ನುತ್ತಾಳೆ. ಬಸ್ಸಿನ ಕಂಡಕ್ಟರನ ಜೊತೆಗೂ ಚೌಕಾಸಿ ಮಾಡುತ್ತಾಳೆ. ಪೂಜೆಗೆ ಕುಂತಲ್ಲೇ ತೂಕಡಿಸುತ್ತಾಳೆ, ಎಬ್ಬಿಸಿದರೆ ಧ್ಯಾನ ಅನ್ನುತ್ತಾಳೆ. ಗೊರಕೆ ಹೊಡೆಯುತ್ತಾಳೆ. ನಾನು ಹೇಳಿದರೆ ಒಪ್ಪುವುದಿಲ್ಲ. ಉಂಡಿರುವುದಿಲ್ಲ, ಉಂಡೇನಿ ಅನ್ನುತ್ತಾಳೆ.

ಟವೆಲಿನಿಂದ ಮುಖ ಒರೆಸಿಕೊಂಡೆ. ಯಂತ್ರ ಏನೋ ಹೇಳುತ್ತಿತ್ತು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆಕೆ ಹೋದಾಗಿನಿಂದ ನಾನು ಎಲ್ಲರಿಗೂ ಹೂಂ ಅನ್ನುತ್ತ ಬಂದವನು. ಊಟ ಮಾಡ್ರಿ, ಹೂಂ. ಧೈರ್ಯ ತಗೋರಿ, ಹೂಂ. ದೇವರ ಇಚ್ಛಾ, ಹೂಂ. ಇದಕ್ಕೂ ಅಂದೆ. "ಹೂಂ."

ಅದು ಹೇಳಿದ್ದು ಏನು ಅಂತ ಆಮೇಲೆ ಸೆಕ್ರೆಟರಿ ಸಾಹೇಬರ ಸೊಸೆ ತೆಗೆದು ತೋರಿಸಿದಳು. ‘ಪುನರ್ವಿವಾಹಕ್ಕೆ ಹೆಸರು ಕೊಟ್ಟವರಲ್ಲಿ ಒಬ್ಬರು ನಿಮ್ಮ ಅಪೇಕ್ಷೆಗೆ ಹತ್ತಿರವಿದ್ದಾರೆ. ನಾಶಿಕದವರು. ನಿಮ್ಮ ಮಾತುಗಳನ್ನು ಅವರಿಗೆ ತಲುಪಿಸಿ, ಭಾನುವಾರ ಬರಲು ಹೇಳಲೇ?’

ಭಾನುವಾರ ಮಗಳು ಬಂದಳು, ಅವಳವ್ವನ ವರ್ಷದ ಪೂಜೆಯ ಮಾತಾಡಲು. ಊಟಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಆಫೀಸಿಗೇ ಬಂದಳು. ಎಷ್ಟು ಮಂದಿಗೆ ಅಡುಗೆ ಹೇಳೋಣ ಅಂತ ಕೇಳುತ್ತಿದ್ದಳು. ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಅಗಲ ಮೈಯ ಒಬ್ಬ ಗಂಡಸು ಬಂದರು. ಹಿಂದೆ ಒಬ್ಬ ಹೆಂಗಸು. ಐವತ್ತು ದಾಟಿರಬಹುದು. ಕೈಯಲ್ಲಿ ಬಟ್ಟೆ ಚೀಲ.

"ವರ ಎಲ್ಲದಾರ್ರಿ?" ಅಂದರು ಆ ಗಂಡಸು.

"ಯಾವ ವರ?" ಅಂದೆ.

"ಇಲ್ಲೇ ಆಫೀಸಿನ್ಯಾಗ ಇರ್ತಾರಂತ. ಬಾಗಲಾ ತಗಿಯೋರಂತ. ಮೆಸೇಜ್ ಬಂದದಲ್ರಿ. ಈಕಿ ನನ್ನ ತಂಗಿ. ನಾಶಿಕದಾಗ ಊಟದ ಡಬ್ಬಾ ಮಾಡಿ ಕೊಡ್ತಾಳ."

ಮಗಳು ನನ್ನ ಕಡೆ ತಿರುಗಿದಳು. ಅವಳವ್ವ ಹೀಗೇ ನೋಡುತ್ತಿದ್ದಳು, ಚಪ್ಪಲಿ ಅಡ್ಡ ಬಿಟ್ಟಾಗ.

"ನಾ ಏನೂ ಮಾಡಿಲ್ಲವ್ವಾ," ಅಂದೆ.

"ಸುಮ್ನಿರು ಅಪ್ಪಾ. ಆಣೆ ಹಾಕಿದ್ದಿ ನನ್ನ ತಲಿ ಮ್ಯಾಲ."

ಭೂಮಿ ಬಾಯಿ ತೆರೆಯಲಿಲ್ಲ. ಮೊದಲನೇ ಮಹಡಿ ಅದು, ತೆರೆದಿದ್ದರೆ ಸಭಾಗೃಹದಲ್ಲಿ ಬೀಳುತ್ತಿದ್ದೆ. ಕೆಳಗೆ ಯಾರದೋ ಲಗ್ನ ನಿಶ್ಚಯದ ಸಾಕರಪುಡಾ ನಡೆದಿತ್ತು.

ಗಂಡಸು ಫ್ಯಾನಿನ ಕೆಳಗಿನ ಕುರ್ಚಿ ನೋಡಿ ಕುಂತರು. "ನಸುಕಿನ ಬಸ್ಸಿಗೆ ಹತ್ತೀವ್ರಿ. ನೀವು ಮಾತಾಡ್ರಿ" ಅಂದು ಕಣ್ಣು ಮುಚ್ಚಿದರು. ಅಲ್ಲಿಗೆ ಅವರಿಗೆ ನಿದ್ದೆ ಹತ್ತಿತು.

ಹೆಂಗಸು ನಿಂತೇ ಇದ್ದರು. ನನ್ನನ್ನು ನೋಡಿದರು. ಬಾಗಿಲ ಹತ್ತಿರ ನನ್ನ ಚಪ್ಪಲಿ ನೋಡಿದರು. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ.

"ನೀವೇ," ಅಂದರು. "ಗೊತ್ತಾಯ್ತು."

"ಅಕ್ಕಾರ, ಇದರಾಗ ಏನೋ ತಪ್ಪಾಗ್ಯಾದ್ರಿ," ಅಂದೆ. ಅವರ ಕಡೆ ನೋಡಿ ಹೇಳುವ ಧೈರ್ಯ ಇರಲಿಲ್ಲ, ಚೀಲ ನೋಡಿ ಹೇಳಿದೆ. "ಈ ಯಂತ್ರ..."

"ತಡೀರಿ. ನನ್ನದು ಮೊದಲ ಕೇಳ್ರಿ," ಅಂದರು. "ಹೆಸರು ಕೊಟ್ಟಾಗಿಂದ ನನಗ ಭಾಳ ಮೆಸೇಜ್ ಬಂದಾವ. ಎಲ್ಲಾ ಒಂದೇ. ಶಾಂತ ಸ್ವಭಾವ ಬೇಕು, ರುಚಿ ಅಡಗಿ ಬೇಕು, ಹೊಂದ್ಕೊಂಡು ಹೋಗಬೇಕು. ಗಂಡಸೂರು ಹೆಂಡ್ತಿ ಹುಡುಕ್ತಾರೋ, ಮೆತ್ತನ್ನ ತಲೆದಿಂಬು ಹುಡುಕ್ತಾರೋ ತಿಳೀವಲ್ದು. ನಿಮ್ಮದು ಬಂತು. ಫೋನಿನ್ಯಾಗ ಆ ಯಂತ್ರದಾಕಿ ಓದಿ ಹೇಳಿದ್ಲು. ವರನ ಅಪೇಕ್ಷೆಗಳು. ಚಪ್ಪಲಿ ಸಾಲಾಗಿ ಬಿಡದಿದ್ದರೆ ಬೈಯಬೇಕು."

ಮಗಳು ತಲೆ ಎತ್ತಿದಳು.

"ರೊಟ್ಟಿ ಒಂದು ಮಗ್ಗುಲು ಕರಕಾಗಿರಬೇಕು. ಕಂಡಕ್ಟರೊಂದಿಗೆ ಚೌಕಾಸಿ ಮಾಡಬೇಕು. ನಾ ಬಾಯಿಪಾಠ ಮಾಡೇನ್ರಿ. ಪೂಜೆಯಲ್ಲಿ ತೂಕಡಿಸಬೇಕು, ಎಬ್ಬಿಸಿದರೆ ಧ್ಯಾನ ಎನ್ನಬೇಕು. ಕಡ್ಡಾಯವಾಗಿ ಗೊರಕೆ ಹೊಡೆಯಬೇಕು."

"ಕಡ್ಡಾಯ ಅಂದಿಲ್ರಿ ನಾ," ಅಂದೆ. ಅಂದ ಮೇಲೆ ಇನ್ನೂ ನಾಚಿಕೆ ಆಯಿತು.

"ಉಂಡಿರದಿದ್ದರೂ ಉಂಡೇನಿ ಎನ್ನಬೇಕು."

ಮಗಳು ಕುರ್ಚಿ ಹಿಡಿದುಕೊಂಡಳು. "ಇದು ನಮ್ಮವ್ವ," ಅಂದಳು. ದನಿ ಸಣ್ಣದಾಗಿತ್ತು. "ಕಾಕೂ, ಇದು ನಮ್ಮವ್ವ."

"ಗೊತ್ತವ್ವಾ," ಅಂದರು ಹೆಂಗಸು. ಮಗಳ ಬೆನ್ನ ಮೇಲೆ ಕೈ ಇಟ್ಟರು. "ಗೊರಕಿ ಬೇಕು ಅಂತ ಯಾರು ಕೇಳ್ತಾರ? ಅದಿಲ್ಲದೆ ನಿದ್ದಿ ಹತ್ತಲಾರದವರು ಕೇಳ್ತಾರ. ನನಗ ಓದಿದಾಗೇ ತಿಳೀತು, ಇವರು ಹೆಣ್ಣು ಹುಡುಕಲಿಕ್ಕತ್ತಿಲ್ಲ ಅಂತ."

"ಮತ್ತ ಬಂದ್ರಲ್ರಿ?" ಅಂದಳು ಮಗಳು, ಕಣ್ಣು ಒರೆಸಿಕೊಂಡು.

"ಇಷ್ಟು ಬೈಸ್ಕೊಂಡು ಇಷ್ಟು ನೆನಸೋ ಗಂಡಸು ಹ್ಯಾಂಗಿರ್ತಾನ ನೋಡ್ಬೇಕಾಗಿತ್ತವ್ವಾ. ನಾಶಿಕದಾಗ ಒಬ್ಬನೂ ಸಿಕ್ಕಿರಲಿಲ್ಲ. ನಿಮ್ಮ ಮನಿ ಮಾತು ಯಾರ ಮುಂದೂ ಹೋಗಂಗಿಲ್ಲ. ವಿಚಾರಸಾಕ ಬಂದಿದ್ವಿ, ಕೂಡಿ ಬರಲಿಲ್ಲ. ಅಷ್ಟೇ ಹೇಳ್ತೀನಿ." ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟರು. "ರೊಟ್ಟಿ ಅವ. ನಾ ಎರಡೂ ಮಗ್ಗಲು ಕರಕು ಮಾಡ್ತೀನಿ."

ನಾನು ನೆಲ ನೋಡುತ್ತ ನಿಂತಿದ್ದೆ. "ತಪ್ಪಾಯ್ತ್ರಿ ಅಕ್ಕಾರ. ಅಷ್ಟು ದೂರದಿಂದ ಸುಮ್ನ ಬಂದ್ರಿ" ಅಂದೆ.

"ಸುಮ್ನ ಯಾಕ?" ಅಂದರು. ಫ್ಯಾನಿನ ಕೆಳಗೆ ಅಣ್ಣನ ಬಾಯಿ ತೆರೆದಿತ್ತು. ಕೋಣೆಯ ಕಿಟಕಿ ಅದುರುತ್ತಿತ್ತು. "ಬೈಯೋದು ಬರ್ತದ, ಕರಕು ರೊಟ್ಟಿ ಬರ್ತದ, ಚೌಕಾಸಿ ಅಂತೂ ನನ್ನ ಧಂಧಾನೇ. ಗೊರಕಿ ಒಂದೇ ನನಗ ಬರಂಗಿಲ್ರಿ. ಅದೇ ಕಡ್ಡಾಯ ಅಂದ್ರ ನಮ್ಮಣ್ಣನ್ನ ಬಿಟ್ಟು ಹೋಗ್ತೀನಿ, ಇಟ್ಕೋರಿ."

ಮಗಳು ನಕ್ಕಳು. ಅವಳವ್ವ ಹೋದ ಮೇಲೆ ಅವಳು ನಕ್ಕದ್ದು ನಾನು ಕೇಳಿರಲಿಲ್ಲ. ಹೊಟ್ಟೆ ಹಿಡಿದು, ಮೇಜಿಗೆ ಹಣೆ ಹಚ್ಚಿ ನಕ್ಕಳು. ಆ ಸಪ್ಪಳಕ್ಕೆ ಅಣ್ಣ ಬೆಚ್ಚಿಬಿದ್ದು ಎದ್ದರು. ತಂಗಿ ನಗುತ್ತಿದ್ದಾಳೆ, ಹುಡುಗಿ ನಗುತ್ತಿದ್ದಾಳೆ, ವರ ತಲೆ ತಗ್ಗಿಸಿ ನಾಚಿಕೊಂಡು ನಿಂತಿದ್ದಾನೆ. ಮೂರೂ ಕಡೆ ನೋಡಿದರು. ಎದ್ದು ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡರು.

"ಪಕ್ಕಾ ಆಯ್ತಲ್ಲ? ಛಲೋ ಆಯ್ತು ಬಿಡ್ರಿ ಭಾವಾರ. ಪೇಢಾ ಇಲ್ಲೇ ತಗೊಳ್ಳೋಣೋ, ನಾಶಿಕಕ್ಕ ಹೋಗಿ ಹಂಚೋಣೋ?"